ರಾಯರು ಕೈ ಎತ್ತುವ ತನಕ

ಶಹಾಪುರದ ಆ ಮದುವೆಯಲ್ಲಿ ತಾಳಿ ಕಟ್ಟುವ ಮೊದಲೇ ಮದುವೆ ಮುಗಿದುಹೋಯಿತು. ಮುಗಿಸಿದವನು ಸುರಪುರದ ಕ್ಲಾರಿಯೋನೆಟ್ ಮಾಸ್ತರ ಮೈನುದ್ದೀನ.

ನಮ್ಮ ಕಡೆ ಅಕ್ಕಿಕಾಳು ಬೀಳುವ ಗಳಿಗೆಯಲ್ಲಿ ಯಾರೂ ಮಂಟಪ ನೋಡುವುದಿಲ್ಲ. ನೋಡಿದರೂ ಕಾಣುವುದು ಫೋಟೋದವನ ಬೆನ್ನು. ಹಾಗಾಗಿ ಎಲ್ಲರ ಕಿವಿಯೂ ಬ್ಯಾಂಡಿನ ಕಡೆಗೆ. ಮಂಟಪದ ಹತ್ತಿರ ನಿಂತ ಹಿರಿಯನೊಬ್ಬ ಕೈ ಎತ್ತಬೇಕು, ದೂರದಲ್ಲಿರುವ ಬ್ಯಾಂಡಿನವರು ಊದಬೇಕು, ಜನ ಅಕ್ಕಿಕಾಳು ಒಗೆದು ಊಟದ ಹಾಲಿಗೆ ಓಡಬೇಕು. ಅಂದು ಹೆಣ್ಣಿನ ಸೋದರಮಾವ ಕೈ ಎತ್ತಿದ್ದು ವಿಡಿಯೋದವನಿಗೆ ಲೈಟು ಸರಿಸಲು ಹೇಳುವುದಕ್ಕೆ. ಮೈನುದ್ದೀನ ಊದಿಯೇಬಿಟ್ಟ. ಡೋಲು ಗುಡುಗಿತು, ಅಕ್ಕಿ ಸುರಿಯಿತು. ಮದುಮಗ ಕೈಯಲ್ಲಿ ತಾಳಿ ಹಿಡಿದು, ತಲೆತುಂಬ ಅಕ್ಕಿ ಹೊತ್ತು, ಮುಂದೇನೆಂದು ಯಾರಾದರೂ ಹೇಳಲಿ ಎಂಬಂತೆ ನಿಂತಿದ್ದ. ಅರ್ಧ ಮಂದಿ ಆಗಲೇ ಎಲೆಯ ಮುಂದೆ ಕೂತಿದ್ದರು. ಎರಡನೆಯ ಸಲ ಹಾಕಲು ಅರಿಶಿನದ ಅಕ್ಕಿ ಉಳಿದಿರಲಿಲ್ಲ. ಅನ್ನಕ್ಕೆ ತೊಳೆದಿಟ್ಟಿದ್ದನ್ನೇ ತಂದು ಹಂಚಿದರು. ಒದ್ದೆ ಅಕ್ಕಿ ಮದುಮಗಳ ಸೀರೆಗೆ ಅಂಟಿಕೊಂಡಿತು, ಅಪವಾದ ಮೈನುದ್ದೀನನಿಗೆ.

ಆ ಮದುವೆ ವಹಿಸಿಕೊಂಡಿದ್ದವರು ಯಾದಗಿರಿಯ ಭಗವಂತರಾಯರು. ಶಾಮಿಯಾನ, ಅಡುಗೆ, ಹೂವು, ಬ್ಯಾಂಡು ಎಲ್ಲವನ್ನೂ ಒಟ್ಟಿಗೆ ಹಿಡಿಯುವ ಮ್ಯಾನೇಜರ್. ಸುತ್ತಲಿನ ದೊಡ್ಡ ಮದುವೆಗಳೆಲ್ಲ ಅವರ ಫೋನಿನ ಹೊಟ್ಟೆಯಿಂದಲೇ ಹೊರಗೆ ಬರಬೇಕು. ಆ ಫೋನಿನಿಂದ ಮೈನುದ್ದೀನನ ಹೆಸರು ಅಂದೇ ಅಳಿದುಹೋಯಿತು.

ಮೈನುದ್ದೀನ ಮದುವೆಗಳಿಲ್ಲದ ತಿಂಗಳುಗಳಲ್ಲಿ ಗಾದಿ ಹೊಲಿಯುತ್ತಾನೆ. ಊರವರನ್ನು ಮಲಗಿಸುವುದೂ ಅವನೇ, ಎಬ್ಬಿಸುವುದೂ ಅವನೇ. ಆದರೆ ಅಪ್ಪ ಕಟ್ಟಿದ ಬ್ಯಾಂಡು ಗಾದಿಯಿಂದ ನಡೆಯುವುದಿಲ್ಲ, ಕೆಂಭಾವಿಯ ಸಣ್ಣ ಮೆರವಣಿಗೆಗಳಿಂದಲೂ ನಡೆಯುವುದಿಲ್ಲ. ಮದುವೆಯ ಸೀಜನ್ ಹತ್ತಿರ ಬಂದರೂ ರಾಯರ ಕರೆ ಬರಲಿಲ್ಲ. ಡೋಲಿನವನು ಪುಣೆಗೆ ಮನೆ ಕಟ್ಟುವ ಗೌಂಡಿ ಕೆಲಸಕ್ಕೆ ಹೋಗುವ ಮಾತೆತ್ತಿದ. ಅವನು ಹೋದರೆ ತುತ್ತೂರಿಯವನೂ ಹೋಗುತ್ತಾನೆ. ಆಮೇಲೆ ಉಳಿಯುವುದು ಬ್ಯಾಂಡಿನ ಬೋರ್ಡು ಮಾತ್ರ.

ಬುದ್ಧಿ ಹೇಳಿದವಳು ಹೆಂಡತಿ ಮೆಹನಾಜ. ರಾಯರಿಗೆ ಬೇಕಾದದ್ದು ನಿನ್ನ ರಾಗವಲ್ಲ, ರಗಳೆ ಇಲ್ಲದಿರುವುದು ಎಂದಳು. ರಾಗ ಬಲ್ಲವರು ಊರ ತುಂಬ ಇದ್ದಾರೆ. ಫೋನು ಹಚ್ಚಿದರೆ ಎತ್ತುವವರು, ಹೇಳಿದ ಹೊತ್ತಿಗೆ ಬರುವವರು, ಊಟ ತಡವಾಯಿತೆಂದು ಮುನಿಸಿಕೊಳ್ಳದವರು ಎಲ್ಲಿದ್ದಾರೆ ಎಂದು ಕೇಳಿದಳು. ಮೈನುದ್ದೀನನಿಗೆ ಮಾತು ನಾಟಿತು. ಬ್ಯಾಂಡಿನ ಕೆಂಪು ಕೋಟುಗಳು ಇಸ್ತ್ರಿ ಕಂಡವು. ಫೋನು ದಿನವಿಡೀ ಚಾರ್ಜಿನಲ್ಲಿ ಕೂತಿತು. ಅಕ್ಕಿಕಾಳು ಬೀಳುವ ತನಕ ಬ್ಯಾಂಡಿನವರು ಒಂದು ತುತ್ತನ್ನೂ ಬಾಯಿಗೆ ಹಾಕಬಾರದೆಂಬ ಕಟ್ಟಳೆ ಬಂತು. ದಿನಾ ಬೆಳಿಗ್ಗೆ ರಾಯರ ವಾಟ್ಸಾಪಿಗೆ ಗುಲಾಬಿ ಹೂವಿನ ಶುಭೋದಯ ಹೋಗುತ್ತಿತ್ತು. ರಾಯರು ನೋಡುತ್ತಿದ್ದರು, ಉತ್ತರಿಸುತ್ತಿರಲಿಲ್ಲ.

ಕೊನೆಗೆ ಕೈ ಹಿಡಿದದ್ದು ಕಲಬುರಗಿಯ ಒಂದು ಬ್ಯಾಂಡು. ಸುರಪುರದ ಮದುವೆಯೊಂದಕ್ಕೆ ಒಪ್ಪಿಕೊಂಡಿದ್ದ ಅವರು ಹಿಂದಿನ ದಿನ ಫೋನು ಎತ್ತುವುದನ್ನೇ ಬಿಟ್ಟರು. ರಾಯರು ಹಚ್ಚಿದಾಗ ಮೈನುದ್ದೀನ ಮೊದಲ ರಿಂಗಿಗೇ ಎತ್ತಿದ.

“ಮಾಸ್ತರ, ನಾಳೆ ನಾನ ಮಂಟಪದ ಹಂತೇಲಿ ನಿಂದರ್ತೀನಿ,” ಎಂದರು ರಾಯರು. “ನಾ ಕೈ ಎತ್ತೋತನಕ ಉಸರು ಸೈತ ಬಿಡಬ್ಯಾಡ. ಸರಿ ಆದ್ರ ಈ ಸೀಜನ್ ಪೂರಾ ನಿಂದು. ತಪ್ಪಿದ್ರ ಗಾದಿ ಹೊಲಕೋತ ಕುಂದ್ರು.”

ಮರುದಿನ ಕುರ್ಚಿ ಹಾಕುವವರಿಗಿಂತ ಮೊದಲೇ ಬ್ಯಾಂಡು ಹಾಜರಿತ್ತು. ಮುಹೂರ್ತ ಹತ್ತಿರವಾದರೂ ಐನೋರು ಮಂತ್ರ ಶುರುಮಾಡಲಿಲ್ಲ. ಗಂಡಿನ ಭಾವನ ತಲೆಗೆ ಯಾರೂ ಮರ್ಯಾದೆಯ ರುಮಾಲು ಸುತ್ತಿರಲಿಲ್ಲವಂತೆ. ಆತ ಸಿಟ್ಟಾಗಿ ಕಾರಿನಲ್ಲಿ ಕೂತು ಗಾಜು ಏರಿಸಿಕೊಂಡಿದ್ದ. ಹಿರಿಯರು ಗಾಜು ಬಡಿಯುತ್ತಿದ್ದರು. ರಾಯರು ಮಂಟಪಕ್ಕೂ ಕಾರಿಗೂ ನಡುವೆ ಓಡಾಡುತ್ತಿದ್ದರು.

ಅಷ್ಟರಲ್ಲಿ ಹೆಣ್ಣಿನ ಅಜ್ಜಿ ಹನುಮಮ್ಮ ಮೈನುದ್ದೀನನ ಮುಂದೆ ಮಂಡಕ್ಕಿಯ ಸುಸಲಾ, ಬಿಸಿ ಮಿರ್ಚಿ ಬಜ್ಜಿಯ ತಟ್ಟೆ ಹಿಡಿದು ನಿಂತಳು. “ಮುಂಜಾನಿಂದ ನೋಡಾಕತ್ತೀನಿ, ಹನಿ ನೀರು ಕುಡದಿಲ್ಲ. ಉಪಾಸ ಇದ್ದಾವ ಏನ್ ಊದ್ತಿಯಪಾ?”

ಆಮೇಲೆ ತಿನ್ನುತ್ತೇನೆಂದು ಅವನು ಎಷ್ಟು ಹೇಳಿದರೂ ಕೇಳದೆ, ತಟ್ಟೆಯನ್ನು ಅವನ ತೊಡೆಯ ಮೇಲಿಟ್ಟು ಹೋದಳು. ಅವನು ಅದನ್ನು ಕುರ್ಚಿಯ ಕೆಳಗೆ ಸರಿಸಿದ. ವಾಸನೆ ಕುರ್ಚಿಯ ಮೇಲೆಯೇ ಉಳಿಯಿತು.

ಬಹಳ ಹೊತ್ತಿನ ಮೇಲೆ ರುಮಾಲು ಸುತ್ತಿಸಿಕೊಂಡು ಭಾವ ಒಮ್ಮೆಲೇ ಇಳಿದು ಬಂದ. ಮುಹೂರ್ತ ಮೀರುತ್ತಿತ್ತು. ಐನೋರು ಎಕ್ಸ್‌ಪ್ರೆಸ್ ಬಸ್ಸಿನಂತೆ ಮಂತ್ರ ಹಿಡಿದರು. ಜನ ದಡಬಡಿಸಿ ಎದ್ದು ನಿಂತರು, ಅಕ್ಕಿ ಹಿಡಿದ ಮುಷ್ಟಿಗಳು ಮೇಲೆದ್ದವು. ಸರಿಯಾಗಿ ಆಗಲೇ ಅಡುಗೆಯವನು ಊಟದ ಹಾಲಿನ ಬಾಗಿಲು ತೆಗೆದ. ಹಿಂದಿನ ಸಾಲು ಅತ್ತ ತಿರುಗಿತು. ಅಡುಗೆಯವನನ್ನು ತಡೆಯಲು ರಾಯರು ಗಕ್ಕನೆ ಕೈ ಎತ್ತಿದರು.

ಎತ್ತಿದ ಮೇಲೆ ನೆನಪಾಯಿತು, ಬ್ಯಾಂಡು ಕಾಯುತ್ತಿದ್ದದ್ದು ಇದೇ ಕೈಯನ್ನು ಎಂದು.

ಇಳಿಸಿದರೆ ಅದೂ ಒಂದು ಸನ್ನೆಯಾದೀತೆಂದು ಅವರು ಹಾಗೆಯೇ ಕಲ್ಲಾಗಿ ನಿಂತರು. ಮಂಟಪದಲ್ಲಿ ತಾಳಿಯ ದಾರ ಮದುಮಗಳ ಹೂವಿನ ದಂಡೆಗೆ ಸಿಕ್ಕಿಕೊಂಡಿತ್ತು; ಮದುಮಗ ಒಂದೊಂದೇ ಎಳೆ ಬಿಡಿಸುತ್ತಿದ್ದ. ಅತ್ತ ಬ್ಯಾಂಡಿನಲ್ಲಿ ಡೋಲಿನವನ ಕೋಲು ಎದ್ದಿತ್ತು. ರಾಯರ ಕೈ ಎದ್ದಿದೆ ಎಂದು ಅವನು ಪಿಸುಗುಟ್ಟಿದ. ಮೈನುದ್ದೀನ ತಲೆ ಅಲ್ಲಾಡಿಸಿದ. ಕ್ಲಾರಿಯೋನೆಟ್ಟನ್ನು ಎದೆಗೆ ಒತ್ತಿಕೊಂಡಿದ್ದ. ಕೆನ್ನೆ ಉಬ್ಬಿತ್ತು, ಮುಖ ಕೋಟಿನ ಬಣ್ಣಕ್ಕೆ ತಿರುಗಿತ್ತು, ಕಣ್ಣಿಂದ ನೀರು ಇಳಿಯುತ್ತಿತ್ತು. ಅವನು ಊದದೆ ಯಾರೂ ಬಾರಿಸುವಂತಿಲ್ಲ. ಇಡೀ ಶಾಮಿಯಾನ ಉಸಿರು ಹಿಡಿದುಕೊಂಡಿತು.

ದಾರ ಬಿಟ್ಟಿತು. ಗಂಟು ಬಿತ್ತು. ರಾಯರು ಬೇರೆ ದಾರಿ ಕಾಣದೆ ಇನ್ನೊಂದು ಕೈಯನ್ನೂ ಎತ್ತಿದರು. ಮೈನುದ್ದೀನನ ಗಂಟಲು ಒಮ್ಮೆ ಮೇಲೆ ಕೆಳಗೆ ಆಡಿತು. ಕ್ಲಾರಿಯೋನೆಟ್ ಕೂಗಿತು. ಅಕ್ಕಿಕಾಳು ಬಿದ್ದವು, ಬೀಳಬೇಕಾದವರ ಮೇಲೆ, ಬೀಳಬೇಕಾದ ಹೊತ್ತಿಗೆ.

ಊಟದ ಹಾಲಿನ ಬಾಗಿಲಲ್ಲಿ, ಬೀಗರ ಎದುರಿಗೇ ರಾಯರು ಅವನನ್ನು ಅಪ್ಪಿಕೊಂಡರು. ಸೀಜನ್ ಪೂರಾ ಅವನದೇ ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಕಲಾವಿದನೆಂದರೆ ಹೀಗಿರಬೇಕು, ಕಲಬುರಗಿಯವರಿಗೆ ಇವನ ಕಥೆ ಹೇಳುತ್ತೇನೆ ಎಂದರು. ಆಮೇಲೆ ಅವನ ಭುಜ ಹಿಡಿದು ದನಿ ತಗ್ಗಿಸಿದರು.

“ನನ್ನ ಕೈ ನೋಡಿನೂ ತಡದಿ. ಕಣ್ಣಾಗ ನೀರು ಬಂದ್ರೂ ಅಲಗಾಡಲಿಲ್ಲ. ಖರೇ ಹೇಳು ಮಾಸ್ತರ, ಆವಾಗ ನಿನ್ನ ಮನಸಿನ್ಯಾಗ ಏನಿತ್ತು?”

ಮೈನುದ್ದೀನ ಕೈಯಲ್ಲಿದ್ದ ನೀರಿನ ಲೋಟವನ್ನು ಪೂರ್ತಿ ಖಾಲಿ ಮಾಡಿದ. ಇನ್ನೊಂದಕ್ಕೆ ಕೈ ಚಾಚಿದ.

“ಮನಸಿನ್ಯಾಗ ಏನೂ ಇರಲಿಲ್ರಿ, ರಾಯರ. ಬಾಯಾಗ ಮಿರ್ಚಿ ಇತ್ತು.”