ಅರಿಶಿನ ಹಚ್ಚಿದ ಕ್ರಯಪತ್ರ

ಆದಿವಾಲದ ಹತ್ತಿರ ಒಂದು ತುಂಡು ಹೊಲ ಕೊಂಡೆ. ಖಾತೆ ನನ್ನ ಹೆಸರಿಗೆ ಆಗುವ ತನಕ ಬೋರ್‌ವೆಲ್‌ಗೆ ಕರೆಂಟು ಕೊಡುವುದಿಲ್ಲ ಎಂದರು. ಕ್ರಯಪತ್ರ ಹಿಡಿದು ಹಿರಿಯೂರಿಗೆ ಹೋದೆ.

ಅರ್ಜಿ ಹಾಕುವ ಕೇಂದ್ರದ ಹುಡುಗಿ ಪತ್ರ ಸ್ಕ್ಯಾನ್ ಮಾಡಿ ನಗು ತಡೆದುಕೊಂಡಳು.

"ತಾತ, ಮದುವೆ ಹೆಣ್ಣಿನ ಫೋಟೊ ತಂದೀರೇನು?"

"ಯಾರ ಮದುವೆ?"

"ನಿಮ್ದೇ. ಕಂಪ್ಯೂಟರು ಇದನ್ನ ಲಗ್ನಪತ್ರಿಕೆ ಅಂತೈತೆ. ಮದುವೆ ನೋಂದಣಿಗೆ ಹಾಕೈತೆ."

ಯಾವ ಕಾಗದ ಯಾವುದೆಂದು ಈಗ ನ್ಯೂರಲ್ ನೆಟ್‌ವರ್ಕ್ ಎಂಬುದು ವಿಂಗಡಿಸುತ್ತದಂತೆ. ಅದು ಹಳೆಯ ಕಾಗದಗಳನ್ನು ನೋಡಿ ನೋಡಿ ತಾನೇ ಕಲಿಯುತ್ತದೆ. ದಿನಾ ಹೊಸ ಬಗೆಯ ಕಾಗದ ಬರುವುದರಿಂದ ಕಲಿಕೆ ಮುಗಿಯುವುದೂ ಇಲ್ಲ. ಅದು ನೋಡಿದ ಲಗ್ನಪತ್ರಿಕೆಗಳ ಮೂಲೆಗೆಲ್ಲ ಅರಿಶಿನವಿತ್ತು. ನನ್ನ ಕ್ರಯಪತ್ರದ ಮೂಲೆಗೂ ಇತ್ತು. ದೇವರ ಮುಂದಿಟ್ಟು ಹಚ್ಚಿದವಳು ನನ್ನ ಹೆಂಡತಿ.

"ಒರೆಸಿ ಕೊಡ್ಲೇನಮ್ಮ?" ಎಂದೆ.

"ಬ್ಯಾಡ್ರಿ, ಅಜ್ಜಿ ಬೈತಾರೆ. ಕುಂತ್ಕಳ್ರಿ, ನಾನೇ ಅದಕ್ಕೆ ಹೇಳ್ತೀನಿ."

ಲಗ್ನಪತ್ರಿಕೆ ಎಂಬುದನ್ನು ತೆಗೆದು ಕ್ರಯಪತ್ರ ಎಂದು ಒತ್ತಿದಳು. ಅರ್ಜಿ ಖಾತೆಯ ಕಡೆಗೆ ಹೋಯಿತು.

"ಇನ್ಮೇಲೆ ಕಲೀತೈತೆ ಬಿಡ್ರಿ" ಎಂದಳು.

ಮನೆಗೆ ಬಂದು ಹೆಂಡತಿಗೆ ಕಂಪ್ಯೂಟರಿನ ಕತೆಯೆಲ್ಲ ತಿಳಿಸಿ ಹೇಳಿದೆ: "ನಿನ್ನ ಅರಿಶಿನದಿಂದ ನನಗೆ ಇನ್ನೊಂದು ಮದುವೆ ಆಗ್ತಿತ್ತು."

ಮುದ್ದೆ ಕಟ್ಟುತ್ತಿದ್ದವಳು ತಲೆ ಎತ್ತಲಿಲ್ಲ.

"ನಿಮ್ಮ ಮುಖ ತೋರಿಸ್ಬೇಕಿತ್ತು. ಮದುವೆ ಗಂಡಲ್ಲ ಅಂತ ಆವಾಗ್ಲೇ ಗೊತ್ತಾಗ್ತಿತ್ತು ಅದಕ್ಕೆ."

ಇಷ್ಟು ವರ್ಷ ನನ್ನನ್ನು ನೋಡಿ ನೋಡಿಯೇ ಕಲಿತವಳು. ತಪ್ಪಿರಲಾರದು.