ಸೈಡ್‌ಕಾರಿನ ಸ್ಪ್ರಿಂಗ್ ದಹಿಸರ್‌ನಲ್ಲಿ ಉಳಿಯಿತು

ಭಾನುವಾರ ಬೆಳಿಗ್ಗೆ ಆರೂವರೆಗೆ ಆಂಟಾಪ್ ಹಿಲ್ ಬಿಟ್ಟೆ. ದಹಿಸರ್ ಸುಮಾರು ಹದಿನಾರು ಮೈಲಿ. ಲೋಕಲ್ ರೈಲಿನಲ್ಲಿ ಹೋಗಿದ್ದರೆ ಕೆಲವೇ ಆಣೆಗಳಲ್ಲಿ ಮುಗಿಯುತ್ತಿತ್ತು. ಆದರೆ ರಿಪೇರಿಯಾಗಬೇಕಾದದ್ದು ಮೋಟಾರ್ ಸೈಕಲ್, ನಾನಲ್ಲ.

ಗಾಡಿ ಮಹಾಯುದ್ಧಕ್ಕಿಂತ ಮೊದಲಿನದು. ನಾನೂ ವಿಜಾಪುರದ ಮಲ್ಲಪ್ಪನೂ ಚಾಳದ ಒಂದೇ ಖೋಲಿಯಲ್ಲಿದ್ದಾಗ ಸೈಡ್‌ಕಾರ್ ಸಮೇತ ಪಾಲು ಹಾಕಿ ಕೊಂಡದ್ದು. ನಾನು ಓಡಿಸುತ್ತಿದ್ದೆ, ಅವನು ಎಡಕ್ಕೆ ಸೈಡ್‌ಕಾರಿನಲ್ಲಿ ಕೂತು ದಾರಿಯುದ್ದಕ್ಕೂ ಬೈಯುತ್ತಿದ್ದ. ಎರಡು ದೀಪಾವಳಿಯ ಹಿಂದೆ "ತಿಂಗಳದಾಗ ಬರ್ತೀನಿ" ಎಂದು ಊರಿಗೆ ಹೋದವನು ಮಾವನ ಅರಿವೆ ಅಂಗಡಿಯಲ್ಲಿ ಕೂತುಬಿಟ್ಟ. ಪ್ರತಿ ಪತ್ರದಲ್ಲೂ ಮುಂದಿನ ತಿಂಗಳು. ಆಮೇಲೆ ಪತ್ರವೂ ಇಲ್ಲ. ಸೈಡ್‌ಕಾರ್ ಬಿಚ್ಚಿ ಮೆಟ್ಟಿಲ ಕೆಳಗೆ ಗೋಣಿ ಹೊದಿಸಿ ಇಟ್ಟೆ. ಅವನು ಬಂದ ದಿನ ಜೋಡಿಸಿದರಾಯಿತು.

ಈಚೆಗೆ ಮುಂದಿನ ಚಕ್ರ ಕುಣಿಯತೊಡಗಿತ್ತು. ಫೋರ್ಟ್‌ನ ಬಿಡಿಭಾಗದ ಅಂಗಡಿಯವರು, ಈ ಮಾಡೆಲ್ಲಿನ ಸಾಮಾನು ಬರುವುದೇ ನಿಂತಿದೆ, ದಹಿಸರ್‌ನ ಮೆಕ್ಯಾನಿಕ್ ಗುರಸಿದ್ದಪ್ಪನವರನ್ನು ಕೇಳಿ ಎಂದಿದ್ದರು. ಮಾಹೀಮ್ ದಾಟಿ ಘೋಡಬಂದರ್ ರಸ್ತೆ ಹಿಡಿದೆ. ಗುಂಡಿ ಗುಂಡಿಗೂ ಹಲ್ಲು ಕಟಕಟ ಎನ್ನುತ್ತಿತ್ತು. ಅಂಧೇರಿಯಲ್ಲಿ, ನಾವಿಬ್ಬರೂ ಹೋಗುತ್ತಿದ್ದ ಉಡುಪಿಯವರ ಹೋಟೆಲಿನಲ್ಲಿ ಇಡ್ಲಿ ತಿಂದೆ.

"ಒಬ್ರೇ ಬಂದದ್ದಾ? ಆ ಬೊಬ್ಬೆ ಹೊಡೆಯುವ ಜನ ಎಲ್ಲಿ ಮಾರಾಯ್ರೆ?" ಎಂದರು ಗಲ್ಲಾಪೆಟ್ಟಿಗೆಯ ಮುಂದಿದ್ದ ಶೆಟ್ಟರು.

"ಊರಿಗೆ ಹೋಗ್ಯಾನ್ರಿ, ಬರ್ತಾನ" ಎಂದೆ.

ಗುರಸಿದ್ದಪ್ಪನವರು ಧಾರವಾಡದ ಕಡೆಯವರು. ಹುಣಸೆ ಮರದ ಕೆಳಗೆ ಅವರ ವರ್ಕ್‌ಶಾಪ್. ಮುಂದಿನ ಫೋರ್ಕ್ ಬಿಚ್ಚಿ, ಅದರ ಕೀಲುಗಳ ಸವೆದ ಹಿತ್ತಾಳೆ ಬುಷ್‌ಗಳನ್ನು ಅಂಗೈಯಲ್ಲಿಟ್ಟು ತೋರಿಸಿದರು.

"ಬುಷ್ ಹೊಸಾವು ಲೇಥಿನ್ಯಾಗ ಕಡದ ಕೊಡ್ತೀನಿ. ಆದ್ರ ಫೋರ್ಕಿನ ಈ ಗಡಸು ಸ್ಪ್ರಿಂಗ್ ಸೈಡ್‌ಕಾರಿನ ಭಾರಕ್ಕ ಹಾಕಿದ್ದು. ಬಾಜೂಕ ಯಾರ ಕೂಡ್ತಾರ?"

"ನಮ್ಮ ದೋಸ್ತ. ಊರಿಗೆ ಹೋಗ್ಯಾನ."

"ಯಾವಾಗ?"

"ಎರಡ ದೀಪಾವಳಿ ಆತ್ರಿ."

"ಭಲೇ! ಎರಡ ವರ್ಷ ಗಾಳೀನ ಕೂಡಿಸ್ಕೊಂಡ ತಿರಗೀರಿ! ಒಬ್ಬಾವನ ಭಾರಕ್ಕ ಇದು ಬಗ್ಗೂದಿಲ್ರಿ. ಏಟೆಲ್ಲಾ ಬುಷ್‌ಗೆ ಬೀಳತೈತಿ. ಹೊಸಾವೂ ಹಿಂಗ ಹೋಗ್ತಾವ."

ಅವರ ಬಳಿ ಮೆತ್ತನೆಯ ಸ್ಪ್ರಿಂಗ್ ಒಂದೇ ಇತ್ತು. ರೊಕ್ಕಕ್ಕೆ ಕೊಡುವುದಿಲ್ಲ, ಅದಲು ಬದಲಿಗೆ ಮಾತ್ರ. ಸಾಮಾನು ಸಿಗದ ಕಾಲ, ಅವರದೂ ತಪ್ಪಲ್ಲ. ನನ್ನ ಗಡಸು ಸ್ಪ್ರಿಂಗ್ ಕೊಟ್ಟುಬಿಟ್ಟರೆ ಸೈಡ್‌ಕಾರ್ ಮತ್ತೆ ಕಟ್ಟುವಂತಿರಲಿಲ್ಲ.

"ಅಂವಾ ಬಂದ್ರ?" ಎಂದೆ.

"ಬರ್ತಾನೋ ಇಲ್ಲೋ, ನಿಮಗ ಗೊತ್ತಿರಬೇಕಲ್ರಿ" ಎಂದು ಬೀಡಿ ಹಚ್ಚಿದರು.

ನನ್ನ ಸ್ಪ್ರಿಂಗನ್ನು ಎತ್ತಿ ಅವರ ಮುಂದಿಟ್ಟೆ. ಆಮೇಲೆ "ಮೆತ್ತಂದ ಹಾಕ್ರಿ" ಎಂದೆ.

ಮೂರು ಗಂಟೆಗೆ ಹೊರಟೆ. ಬಿಸಿಲು ಸುಡುತ್ತಿತ್ತು. ಸುಳ್ಳೇಕೆ, ಗಾಡಿ ಬೆಣ್ಣೆಯಂತೆ ಓಡಿತು. ಆದರೂ ಅಂಧೇರಿಯ ಹೋಟೆಲಿನ ಮುಂದೆ ನಿಲ್ಲಿಸಲಿಲ್ಲ. ಶೆಟ್ಟರು ಮತ್ತೆ ಅವನನ್ನು ಕೇಳಿಯಾರೆಂದು ವೇಗ ಹೆಚ್ಚಿಸಿ ಮುಂದೆ ಹೋದೆ.

ಮಾಹೀಮ್‌ನಲ್ಲಿ ಬಸ್ಸಿಗೂ ಎತ್ತಿನ ಗಾಡಿಗೂ ನಡುವೆ ಸಣ್ಣ ಸಂದು. ಎಡಕ್ಕೆ ಸೈಡ್‌ಕಾರ್ ತಾಗೀತೆಂದು ಹಳೆಯ ರೂಢಿಯಂತೆ ಬ್ರೇಕ್ ಹಾಕಿದೆ.

"ಅರೇ ಭಾಯಿ, ಇತನೀ ಜಗಾ ಹೈ, ನಿಕಲೋ ನಾ!" ಎಂದು ಎತ್ತಿನ ಗಾಡಿಯವನು ಕೂಗಿದ.

ನೋಡಿದೆ. ಅವನು ಹೇಳಿದಂತೆ ಒಬ್ಬನಿಗೆ ಬೇಕಾದುದಕ್ಕಿಂತ ಹೆಚ್ಚೇ ಜಾಗವಿತ್ತು. ಹೊರಟೆ.