ಮತಗಟ್ಟೆಯ ಶಕುಂತಲಾ ಆಂಟಿ

ಮತಗಟ್ಟೆಯ ಒಳಗೆ ಶಕುಂತಲಾ ಆಂಟಿಗೆ ಯಾರ ಗುರುತೂ ಇರುತ್ತಿರಲಿಲ್ಲ. ಹಿಂದಿನ ಸಂಜೆ ಯಾರ ಮನೆಯ ಸತ್ಯನಾರಾಯಣ ಪೂಜೆಯಲ್ಲಿ ಎರಡೆರಡು ಸಲ ಪ್ರಸಾದ ಹಾಕಿಸಿಕೊಂಡಿದ್ದರೋ, ಆ ಮನೆಯ ಯಜಮಾನರೇ ಬೆಳಿಗ್ಗೆ ವೋಟು ಹಾಕಲು ಬಂದರೂ ಅವರ ಡ್ರೈವಿಂಗ್ ಲೈಸೆನ್ಸ್ ಇಸಿದುಕೊಂಡು ಫೋಟೋ ನೋಡಿ, ಮುಖ ನೋಡಿ, ಮತ್ತೆ ಫೋಟೋ ನೋಡಿ, ಇಂಗ್ಲಿಷಿನಲ್ಲಿ ಅಡ್ರೆಸ್ ಕೇಳುತ್ತಿದ್ದರು. ಪಾಪ, ಅವರು "ನಿನ್ನೆ ಊಟ ಸರಿಹೋಯ್ತಾ ಆಂಟಿ?" ಎಂದು ನಗಲು ಹೋದರೆ ಆಂಟಿ ಆಗಲೇ ಮುಂದಿನವರನ್ನು ಕರೆದಾಗಿರುತ್ತಿತ್ತು. ಹೊರಗೆ ಸಿಕ್ಕಾಗ ಮತ್ತೆ ಅದೇ ಆಂಟಿ. "ಸಜ್ಜಿಗಿ ಭಾಳ ಛಲೋ ಆಗಿತ್ತು ನೋಡ್ರಿ" ಎಂದು ತಾವಾಗಿಯೇ ಮಾತು ತೆಗೆಯುತ್ತಿದ್ದರು.

ನಾವಿರುವುದು ಡಲ್ಲಾಸ್ ಬಳಿ, ಕಾಪೆಲ್‌ಗೆ ಅಂಟಿಕೊಂಡಂತಿರುವ ಸಣ್ಣ ಊರಿನಲ್ಲಿ. ಊರು ಸಣ್ಣದಾದರೂ ಚುನಾವಣೆಗೇನೂ ಬರವಿಲ್ಲ. ಮೇಯರ್, ಕೌನ್ಸಿಲ್, ಶಾಲಾ ಮಂಡಳಿ ಅಂತ ಒಂದಾದ ಮೇಲೊಂದು. ಅದರ ಜೊತೆಗೆ ಜನರನ್ನೇ ಕೇಳುವ ಪ್ರಶ್ನೆಗಳು: ಶಾಲೆ ಕಟ್ಟಲು ಸಾಲ ಎತ್ತೋಣವೇ, ಪಾರ್ಕಿನ ಅಂಚಿನ ಜಾಗ ಮಾರೋಣವೇ, ಚರಂಡಿ ಅಗಲ ಮಾಡೋಣವೇ. ನಾನು ಗ್ರೀನ್ ಕಾರ್ಡಿನ ಸರದಿಯಲ್ಲಿ ನಿಂತು ನಿಂತು ಸಾಕಾದವಳು. ಮನೆ ತೆರಿಗೆ ಕಟ್ಟುತ್ತೇನೆ, ವೋಟಿಲ್ಲ. ಅದಕ್ಕೋ ಏನೋ, ಮನೆಗಳ ಮುಂದಿನ ಹುಲ್ಲಿನ ಮೇಲೆ ಅಭ್ಯರ್ಥಿಗಳ ಹೆಸರಿನ ಬೋರ್ಡುಗಳು ಎದ್ದ ಕೂಡಲೇ ನನಗೆ ಆಯಾಸ ಶುರುವಾಗುತ್ತದೆ. ವೋಟು ಇದ್ದ ನಮ್ಮವರಿಗೂ ದೊಡ್ಡ ಉಮೇದೇನಿರಲಿಲ್ಲ. "ಪ್ರೆಸಿಡೆಂಟ್ ಎಲೆಕ್ಷನ್ ಆದ್ರೆ ಹೋಗ್ಬೋದಪ್ಪ, ಇದಕ್ಕೆಲ್ಲ ಯಾರು ಹೋಗ್ತಾರೆ?" ಎನ್ನುವವರೇ ಎಲ್ಲ.

ಆಂಟಿ ಮಾತ್ರ ಒಂದು ಚುನಾವಣೆಯನ್ನೂ ಬಿಟ್ಟವರಲ್ಲ, ಪ್ರತಿ ಸಲವೂ ಮತಗಟ್ಟೆಯ ಸಿಬ್ಬಂದಿಯಾಗಿ ಕೂರುತ್ತಿದ್ದರು. ಅವರು ಧಾರವಾಡದವರು. ಗಂಡ ತೀರಿಕೊಂಡ ಮೇಲೂ ಆಸ್ಪತ್ರೆಯ ಲ್ಯಾಬಿನಲ್ಲಿ ದುಡಿದು, ನಿವೃತ್ತರಾಗಿ, ನಮ್ಮ ಹಿಂದಿನ ಬೀದಿಯ ಸಣ್ಣ ಮನೆಯಲ್ಲಿ ಒಬ್ಬರೇ ಆರಾಮಾಗಿದ್ದರು. ಗ್ಲುಕೋಮಾ ಬಂದು ಎರಡೂ ಕಣ್ಣಿನ ಅಂಚಿನ ನೋಟ ಹೋಗಿತ್ತು. ಯಾರೂ ಹೇಳುವ ಮುಂಚೆಯೇ ಕಾರು ಮಾರಿಬಿಟ್ಟರು. "ಎದುರಿಂದಷ್ಟ ಕಾಣಸ್ತದ ನನಗ, ಬಾಜೂಕಿಂದು ಕಾಣಂಗಿಲ್ಲ. ವೋಟಿನ ಕೆಲಸಕ್ಕ ಇದಕಿಂತ ಛಲೋ ಕಣ್ಣು ಎಲ್ಲಿ ಸಿಗ್ತದ?" ಎಂದು ತಮ್ಮನ್ನು ತಾವೇ ಗೇಲಿ ಮಾಡಿಕೊಳ್ಳುತ್ತಿದ್ದರು.

ಒಮ್ಮೆ ಮುದುಕರೊಬ್ಬರು ಯಾವುದೋ ಅಭ್ಯರ್ಥಿಯ ಹೆಸರಿದ್ದ ಟೀ ಶರ್ಟ್ ಹಾಕಿಕೊಂಡು ವೋಟಿಗೆ ಬಂದರಂತೆ. ಪ್ರಚಾರದ ಬಟ್ಟೆ ಹಾಕಿಕೊಂಡು ಒಳಗೆ ಬರುವ ಹಾಗಿಲ್ಲ. ಆತ ಸಿಟ್ಟಿಗೆದ್ದು ಮನೆಗೆ ಹೊರಟಾಗ ಆಂಟಿ ತಮ್ಮ ಹೂವಿನ ಸ್ವೆಟರನ್ನೇ ಬಿಚ್ಚಿ ಕೊಟ್ಟರು. ಆರಡಿ ಮೀರಿದ ಆ ಟೆಕ್ಸಾಸ್ ಮನುಷ್ಯ ಗುಲಾಬಿ ಹೂವಿನ ಸ್ವೆಟರಿನಲ್ಲಿ ತೂರಿಕೊಂಡು ವೋಟು ಹಾಕಿ, ಅದನ್ನು ಮಡಚಿ ವಾಪಸು ಕೊಟ್ಟು ಹೋದರು. "ನಿಮಗೇನು ಅವರ ಅಭ್ಯರ್ಥಿ ಇಷ್ಟಾನಾ?" ಎಂದು ನಾನು ಕೆಣಕಿದೆ. "ಯಾರಿಷ್ಟ, ಯಾರಿಲ್ಲ ಅಂತ ನಾ ನನ್ನ ಗಂಡಗೂ ಹೇಳಿಲ್ಲ, ನಿನಗ ಹೇಳ್ತೇನೇನು ವೀಣಾ?" ಎಂದರು.

ಆಂಟಿಯ ಓಡಾಟವೆಲ್ಲ ಒಂದು ವ್ಯಾನಿನ ಮೇಲೆ ನಿಂತಿತ್ತು. ಡಲ್ಲಾಸ್ ಸುತ್ತಲ ಊರುಗಳೆಲ್ಲ ಸೇರಿ ನಡೆಸುವ ಬಸ್ಸಿನ ವ್ಯವಸ್ಥೆಯಲ್ಲಿ ನಮ್ಮ ಊರೂ ಒಂದು ಪಾಲುದಾರ. ದೊಡ್ಡ ಬಸ್ಸು ನಮ್ಮ ಬೀದಿಗಳಿಗೆ ಬರುವುದಿಲ್ಲ, ಆದರೆ ಫೋನ್ ಮಾಡಿದರೆ ಸಣ್ಣ ವ್ಯಾನು ಮನೆಮುಂದೆ ಬಂದು ನಿಲ್ಲುತ್ತಿತ್ತು. ಆಂಟಿ ಅದರಲ್ಲೇ ಲೈಬ್ರರಿಗೆ, ಕಣ್ಣಿನ ಡಾಕ್ಟರ ಹತ್ತಿರ, ಇಂಡಿಯನ್ ಅಂಗಡಿಗೆ, ದೇವಸ್ಥಾನಕ್ಕೆ ಹೋಗುತ್ತಿದ್ದರು. "ನಾನು ಕರ್ಕೊಂಡು ಹೋಗ್ತೀನಿ ಬನ್ನಿ ಆಂಟಿ" ಎಂದರೆ ಒಪ್ಪುತ್ತಿರಲಿಲ್ಲ. "ನೀ ಕರಕೊಂಡು ಹೋದ್ರ ನಿನ್ನ ಟೈಮು ನೋಡಬೇಕು. ವ್ಯಾನಿಗೆ ನಾ ಹೇಳಿದ್ದಽ ಟೈಮು" ಎನ್ನುತ್ತಿದ್ದರು. ಕೊತ್ತಂಬರಿ ಕಟ್ಟು ಹಿಡಿದು ವ್ಯಾನಿನಿಂದ ಇಳಿಯುವಾಗ ಅವರ ಮುಖದಲ್ಲಿ ಒಂದು ಗತ್ತಿರುತ್ತಿತ್ತು.

ಒಂದು ಮೇ ತಿಂಗಳ ಚುನಾವಣೆಯಲ್ಲಿ ಊರಿನ ಮುಂದೆ ಬಂದ ಪ್ರಶ್ನೆ ಅದೇ: ಈ ಬಸ್ಸಿನ ವ್ಯವಸ್ಥೆಯಿಂದ ನಮ್ಮ ಊರು ಹೊರಬರಬೇಕೇ, ಬೇಡವೇ? ಕೊಡುವ ತೆರಿಗೆ ಹೆಚ್ಚು, ಬಸ್ಸುಗಳು ಖಾಲಿ ಓಡುತ್ತವೆ ಎನ್ನುವುದು ಬಿಡಬೇಕೆನ್ನುವವರ ವಾದ. ಅದೇನೂ ಸುಳ್ಳಲ್ಲ. ಆದರೆ ಬಿಟ್ಟರೆ ವ್ಯಾನೂ ಹೋಗುತ್ತದೆ.

ನಾನು ಆಂಟಿಯ ಮನೆಗೆ ಓಡಿದೆ. "ಈ ಸಲ ಮತಗಟ್ಟೆ ಕೆಲಸ ಬಿಡಿ ಆಂಟಿ. ನಾನು ಡ್ರೈವ್ ಮಾಡ್ತೀನಿ, ನೀವು ನಮ್ಮವರ ಮನೆಮನೆಗೆ ಬಂದು ಮಾತಾಡಿ. ನಿಮ್ಮ ಮುಖ ನೋಡಿದ್ರೆ ಯಾರೂ ಇಲ್ಲ ಅನ್ನಲ್ಲ."

ಅವರು ಚಹಾ ಸೋಸುತ್ತಿದ್ದರು. "ಮುಖಾ ನೋಡಿ ಹಾಕೂದಾದ್ರ ಅದೆಂಥ ವೋಟು? ಇನ್ನ ಕೆಲಸಾ ಬಿಟ್ರ ಆ ಕುರ್ಚಿ ಮ್ಯಾಲ ಯಾರು ಕುಂಡ್ರತಾರ? ಮೇ ತಿಂಗಳದಾಗ ಜನಾನ ಸಿಗಂಗಿಲ್ಲ ಅವರಿಗೆ."

"ಸರಿ, ಕೆಲಸ ಬಿಡಬೇಡಿ. ಮುಂಚೆ ಒಂದೆರಡು ಮನೆಗಾದ್ರೂ ಬನ್ನಿ. ಅದಕ್ಕೆ ರೂಲ್ಸ್ ಅಡ್ಡ ಬರಲ್ಲವಂತೆ, ನಾನು ವಿಚಾರಿಸಿದೀನಿ."

"ರೂಲ್ಸ್ ಬರಂಗಿಲ್ಲ, ನಾ ಬರ್ತೇನಿ ಅಡ್ಡ. ನಿನ್ನೆ ಅವರ ಮನಿಗೆ ಹೋಗಿ ಕೈ ಮುಗದು, ಇವತ್ತು ಅವರ ಮುಂದನ ಕುರ್ಚಿ ಹಾಕ್ಕೊಂಡು ಕುಂಡ್ರೂದು? ನನಗಾಗಂಗಿಲ್ಲವಾ."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ವೋಟಿದ್ದವರು ಹಾಕುವುದಿಲ್ಲ, ಹಾಕಬೇಕೆಂದವಳಿಗೆ ವೋಟಿಲ್ಲ, ಬಾಯಿ ಬಿಡಬೇಕಾದವರು ಬಾಯಿ ಬಿಡುವುದಿಲ್ಲ. ನಮ್ಮ ಕನ್ನಡದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಾನೇ ಉದ್ದಕ್ಕೆ ಬರೆದು ಹಾಕಿದೆ. ಇಬ್ಬರು ಹೆಬ್ಬೆರಳು ಎತ್ತಿದರು. ಅದರ ಕೆಳಗೇ ಯಾರೋ ಮಾವಿನಹಣ್ಣಿನ ಬಾಕ್ಸ್ ಬೇಕಾದವರು ಹೆಸರು ಕೊಡಿ ಎಂದು ಬರೆದರು. ಎಲ್ಲರೂ ಆ ಕಡೆ ಹೋದರು.

ಮತದಾನದ ದಿನ ಮಧ್ಯಾಹ್ನ ಆಂಟಿಗೆ ಊಟದ ಡಬ್ಬಿ ಕೊಡಲು ಹೋದೆ. ಬೆಳಿಗ್ಗೆಯಿಂದ ರಾತ್ರಿಯವರೆಗೆ ಅವರು ಅಲ್ಲಿಂದ ಕದಲುವ ಹಾಗಿಲ್ಲ. ಪಾರ್ಕಿಂಗ್ ಲಾಟ್ ಬಣಬಣ ಅನ್ನುತ್ತಿತ್ತು. ಎದುರಿಗೆ ನಮ್ಮ ಬೀದಿಯ ಕಾವ್ಯ ಸಿಕ್ಕಿದಳು. ಬೆಂಗಳೂರಿನ ಹುಡುಗಿ, ಹೊಸದಾಗಿ ಸಿಟಿಜನ್ ಆದವಳು, ಆಂಟಿಯೆಂದರೆ ಜೀವ. ಮುಖ ಊದಿಸಿಕೊಂಡಿದ್ದಳು.

"ಏನಾಯ್ತೇ?"

"ನೋಡಿ ವೀಣಕ್ಕ, ಮಗನ್ನ ಸಾಕರ್‌ಗೆ ಬಿಟ್ಟು, ಆಂಟಿ ಖುಷಿಪಡ್ತಾರೆ ಅಂತ ಬಂದೆ. ಆ ಬಸ್ಸಿಂದು ಏನೋ ಕ್ವೆಶ್ಚನ್ ಇತ್ತಲ್ಲ, ನಂಗೇನೂ ಅರ್ಥ ಆಗ್ಲಿಲ್ಲ. ಕನ್ನಡದಲ್ಲೇ ಮೆಲ್ಲಗೆ ಕೇಳ್ದೆ, 'ಯಾವುದು ಒತ್ತಲಿ ಆಂಟಿ?' ಅಂತ. ಅಲ್ಲಿ ಇನ್ಯಾರಿಗೆ ಕನ್ನಡ ಬರತ್ತೆ ಹೇಳಿ? ಅವರು ಇಂಗ್ಲಿಷಲ್ಲಿ, 'ಐ ಕಾಂಟ್ ಹೆಲ್ಪ್ ಯೂ ವಿತ್ ದಟ್, ಮ್ಯಾಮ್' ಅಂದ್ರು. ಮ್ಯಾಮ್ ಅಂತೆ, ನಂಗೆ!"

"ಗುಂಪಲ್ಲಿ ಬರೆದಿದ್ನಲ್ಲೇ ನಾನು."

"ಅಯ್ಯೋ, ಆ ಗ್ರೂಪ್ ಮ್ಯೂಟ್ ಮಾಡಿದೀನಿ. ಮೇಲ್ಗಡೆ ಇದ್ದಿದ್ದು ಒತ್ತಿ ಬಂದೆ ಅಷ್ಟೆ."

ಮೇಲಿದ್ದದ್ದು ಬಸ್ಸಿನ ವ್ಯವಸ್ಥೆಯಿಂದ ಹೊರಬರಬೇಕು ಎನ್ನುವುದು. ಅವಳಿಗೆ ಹೇಳಿ ಆಗುವುದೇನಿತ್ತು, ಡಬ್ಬಿ ಹಿಡಿದು ಮತಗಟ್ಟೆಯ ಕಡೆ ನಡೆದೆ. ಬಾಗಿಲಿಗೆ ಬಂದ ಆಂಟಿ ಡಬ್ಬಿ ತೆಗೆದುಕೊಂಡು ಥ್ಯಾಂಕ್ಯೂ ಎಂದು ಒಳಗೆ ಹೋದರು.

ಊರು ಬಸ್ಸಿನ ವ್ಯವಸ್ಥೆಯಿಂದ ಹೊರಬಂತು. ಅಂತರ ಬಹಳ ಕಡಿಮೆ. ನಮ್ಮ ಎರಡು ಬೀದಿಯ ಕನ್ನಡದವರು ಬಂದಿದ್ದರೆ ಬೇರೆಯಾಗುತ್ತಿತ್ತು ಎಂದು ಈಗಲೂ ನನಗನ್ನಿಸುತ್ತದೆ. ಆಂಟಿ ಯಾರನ್ನೂ ದೂರಲಿಲ್ಲ. "ಜನಾ ಬ್ಯಾಡಂದ್ರು, ಆತು" ಎಂದರು, ಅಷ್ಟೇ. ಕೆಲವು ತಿಂಗಳಿಗೆ ವ್ಯಾನು ನಿಂತಿತು. ನಾನು ವಾರಕ್ಕೊಮ್ಮೆ ಅಂಗಡಿಗೆ ಕರೆದೊಯ್ದೆ. ಕಾರಿನಲ್ಲಿ ಅವರು ಮೊದಲಿನಂತೆ ಮಾತಾಡುತ್ತಿರಲಿಲ್ಲ. ಗಡಿಬಿಡಿಯಲ್ಲಿ ಸಾಮಾನು ಆರಿಸಿಕೊಂಡು, "ಲಗೂನ ಹೋಗೋಣು, ನಿನಗ ಕೆಲಸ ಇರ್ತದ" ಎನ್ನುತ್ತಿದ್ದರು. ಕೊನೆಗೆ ಮನೆ ಮಾರಿ ಹ್ಯೂಸ್ಟನ್ ಬಳಿಯ ಕೇಟಿಯಲ್ಲಿರುವ ಮಗಳ ಮನೆಗೆ ಹೊರಟರು. ನಾನೇ ಹ್ಯೂಸ್ಟನ್ ದಾರಿಯುದ್ದ ಡ್ರೈವ್ ಮಾಡಿಕೊಂಡು ಹೋಗಿ ಬಿಟ್ಟೆ. ಅದೇ ನಮ್ಮ ಕಡೆಯ ಭೇಟಿಯಾಯಿತು.

ಮಗಳ ಮನೆ ದೊಡ್ಡದು, ಚೆನ್ನಾಗಿತ್ತು. ಮಗಳು ಅಳಿಯ ಇಬ್ಬರೂ ಆಫೀಸಿನಲ್ಲಿದ್ದರು. ಬೀದಿಯಲ್ಲಿ ನರಪಿಳ್ಳೆಯಿಲ್ಲ. ಪೆಟ್ಟಿಗೆಗಳನ್ನು ಒಳಗಿಟ್ಟು, "ನಾಳೆ ಇಲ್ಲಿನ ಲೈಬ್ರರಿ ನೋಡ್ಕೊಂಡು ಬನ್ನಿ ಆಂಟಿ" ಎಂದೆ, ಏನಾದರೂ ಹೇಳಬೇಕಲ್ಲ ಎಂದು.

"ಮಗಳಿಗೆ ಬಿಡುವಾಗಲಿ. ಕೇಳ್ತೇನಿ" ಎಂದರು. ವ್ಯಾನಿಗೆ ಟೈಮು ಹೇಳುತ್ತಿದ್ದ ಬಾಯಿ ಅದು.

ನಾನು ಕಾರು ಹತ್ತಿ ಸ್ಟಾರ್ಟ್ ಮಾಡಿದ ಮೇಲೆ ಅವರು ಹತ್ತಿರ ಬಂದು ಕಿಟಕಿಗೆ ಬಗ್ಗಿದರು.

"ವೀಣಾ, ಆ ಕಾವ್ಯಾ ಅವತ್ತು ಏನು ಒತ್ತಿದ್ಲು? ನಿನಗೇನರೆ ಹೇಳ್ಯಾಳೇನು?"

ಇಷ್ಟು ತಿಂಗಳು ಆ ಪ್ರಶ್ನೆಯನ್ನು ಅವರು ಎಲ್ಲಿ ಅದುಮಿಟ್ಟುಕೊಂಡಿದ್ದರೋ. "ಆಂಟಿ..." ಎಂದೆ. ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ತಟ್ಟನೆ ಕೈ ಅಡ್ಡ ಹಿಡಿದರು.

"ಬ್ಯಾಡ, ಹೇಳಬ್ಯಾಡ. ಅದು ಆಕಿ ವೋಟು. ನಾ ಕೇಳಬಾರದಾಗಿತ್ತು."